ಚಿಮಣಿಯೊಳಗಿನ ಒಂಟಿ ಬೂಟು

ಟಕ್. ಆಮೇಲೆ ಏನೂ ಇಲ್ಲ. ಮತ್ತೆ ಟಕ್.

ಕೋರಾ ಮೆಟ್ಟಿಲ ಮೇಲೆ ನಿಂತಳು. ಶಬ್ದವೂ ನಿಂತಿತು. ಒಂದೇ ಕಾಲಿಗೆ ಬೂಟು ಹಾಕಿಕೊಂಡವರು ನಡೆದರೆ ಹೀಗೇ ಕೇಳಿಸುತ್ತದೆ ಎಂದು ಹೊಳೆದದ್ದೇ ತಡ, ಅವಳ ಎದೆ ಡವಡವ ಎನ್ನತೊಡಗಿತು. ಏಕೆಂದರೆ ಇನ್ನೊಂದು ಬೂಟು ಅವಳ ಬ್ಯಾಗಿನಲ್ಲಿತ್ತು.

ಹಿಂದೊಮ್ಮೆ ಗವರ್ನರ್ ಲ್ಯಾಥ್ರಪ್ ಬಾಳಿದ, ಈಗ ಮ್ಯೂಸಿಯಂ ಆಗಿರುವ ಈ ಮನೆಗೆ ಹತ್ತಿರ ಹತ್ತಿರ ಮುನ್ನೂರು ವರ್ಷ. ನಟ್ಟನಡುವೆ ಒಲೆಗಳ ಹೊಗೆ ಹೋಗಲು ಇಟ್ಟಿಗೆಯ ಒಂದು ದಪ್ಪ ಚಿಮಣಿ, ಅದರ ಸುತ್ತ ಕೋಣೆಗಳು. ಮನೆಯ ಮುಂಭಾಗದ ಮೆಟ್ಟಿಲಿಗೆ ಕೆತ್ತನೆಯ ಕಂಬಗಳಿದ್ದವು. ಗವರ್ನರ್ ಹತ್ತುತ್ತಿದ್ದುದು ಅದನ್ನೇ. ಕೋರಾ ಈಗ ನಿಂತಿದ್ದುದು ಚಿಮಣಿಯ ಬೆನ್ನಿಗಿದ್ದ, ಆಳುಗಳು ಅಟ್ಟಕ್ಕೆ ಹತ್ತುತ್ತಿದ್ದ ಹಿಂದಿನ ಮೆಟ್ಟಿಲಲ್ಲಿ; ಅಲ್ಲಿ ಹಾಡುಹಗಲಲ್ಲೂ ಕತ್ತಲು.

ಕೋರಾಳ ಅಜ್ಜಿ ವಿಲ್ಮಾ ಪ್ರತಿ ಶನಿವಾರ ಬಂದವರಿಗೆ ಮನೆ ತೋರಿಸುತ್ತಿದ್ದಳು. ಇವತ್ತು ಚಿಮಣಿ ರಿಪೇರಿಗೆಂದು ಗಾರೆ ಕೆಲಸದ ಆರ್ಡ್‌ವೇ ಅಟ್ಟದಲ್ಲಿ ನಾಲ್ಕು ಇಟ್ಟಿಗೆ ಬಿಚ್ಚಿ, ಗಾರೆ ಕಲಸಲು ಅಂಗಳಕ್ಕೆ ಇಳಿದಿದ್ದರು. ಕೈ ಸುಮ್ಮನಿಟ್ಟುಕೊಳ್ಳುವ ಜಾಯಮಾನ ಕೋರಾಳದ್ದಲ್ಲ. ತೂತಿನೊಳಗೆ ತಡಕಾಡಿದಾಗ ಸಿಕ್ಕಿದ್ದು ಮಗುವಿನ ಬೂಟು. ಸೋಮವಾರ ಕ್ಲಾಸಿನಲ್ಲಿ ತೋರಿಸಿದರೆ ಎಲ್ಲರೂ ಮೂಗಿನ ಮೇಲೆ ಬೆರಳಿಡಬೇಕು ಎಂದುಕೊಂಡು ಬ್ಯಾಗಿಗೆ ತುರುಕಿದ್ದಳು.

ಟಕ್.

ಈ ಸಲ ಹತ್ತಿರದಲ್ಲೇ. ಕೋರಾ ಎದ್ದೆನೋ ಬಿದ್ದೆನೋ ಎಂದು ಓಡಿ ಅಡುಗೆಮನೆ ಸೇರಿದಳು. ಅಜ್ಜಿಗೆ ಎಲ್ಲವನ್ನೂ ಹೇಳಿ ಬೂಟನ್ನು ಮೇಜಿನ ಮೇಲಿಟ್ಟಳು. ಅಜ್ಜಿ ಬೈಯಲಿಲ್ಲ, ಅವಳ ಮುಖ ಮಾತ್ರ ಸಪ್ಪಗಾಯಿತು.

"ಕೆಟ್ಟದ್ದು ಚಿಮಣಿಯಿಂದ ಇಳಿದು ಬರುತ್ತೆ ಅಂತ ಆಗಿನವರಿಗೆ ಹೆದರಿಕೆ, ಮರಿ. ಅದಕ್ಕೇ ಕಾವಲಿಗೆ ಅಂತ ಮಗುವಿನ ಬೂಟೊಂದನ್ನ ಒಳಗಿಡ್ತಿದ್ರು. ಸಿಕ್ಕರೆ ಫೋಟೊ ತೆಗೆದು ಇದ್ದಲ್ಲೇ ಇಡೋದು ನಮ್ಮೂರ ಪದ್ಧತಿ. ಆರ್ಡ್‌ವೇ ಇನ್ನು ಅರ್ಧ ಗಂಟೇಲಿ ಇಟ್ಟಿಗೆ ಮುಚ್ತಾರೆ."

"ಇದು ಗವರ್ನರ್ ಮಗಳದ್ದಾ?"

ಅಜ್ಜಿ ಸವೆದ ಹಿಮ್ಮಡಿಯನ್ನು ತಿರುಗಿಸಿ ನೋಡಿದಳು. ಗವರ್ನರ್ ಮಕ್ಕಳ ಬೂಟಿಗೆ ಬೆಳ್ಳಿಯ ಬಕಲ್ ಇರುತ್ತಿತ್ತಂತೆ. ಇದಕ್ಕೆ ಒಂದು ಹರಕು ದಾರ.

"ಅಟ್ಟದಲ್ಲಿ ಒಬ್ಬ ಗುಲಾಮ ಹುಡುಗಿ ಮಲಗ್ತಿದ್ಳು. ನಿನ್ನಷ್ಟೇ ವಯಸ್ಸು. ಗವರ್ನರ್ ತಮ್ಮ ಹನ್ನೊಂದು ಮಕ್ಕಳ ಹೆಸರನ್ನೂ ಮನೆಯ ಬೈಬಲ್‌ನ ಮೊದಲ ಪುಟದಲ್ಲಿ ಬರೆದಿಟ್ಟಿದಾರೆ. ಅವಳ ಹೆಸರು ಎಲ್ಲೂ ಇಲ್ಲ."

ಜೊತೆಗೆ ಬಾ ಎಂದು ಕೋರಾ ಗೋಗರೆದಳು. ತೆಗೆದವರೇ ಇಡಬೇಕು ಎಂದುಬಿಟ್ಟಳು ಅಜ್ಜಿ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಹಾಗಾಯಿತು. ಫೋಟೊ ತೆಗೆದುಕೊಂಡು ಕೋರಾ ಒಬ್ಬಳೇ ಹತ್ತಿದಳು.

ಅಟ್ಟದಲ್ಲಿ ಯಾರೂ ಇರಲಿಲ್ಲ. ಆದರೂ ಯಾರೋ ಕಾಯುತ್ತಿರುವಂತಿತ್ತು. ಬೂಟನ್ನು ತೂತಿಗೆ ಹಿಡಿದಾಗ ಬೆರಳು ಒಳಗೆ ಜಾರಿತು. ಚರ್ಮದಲ್ಲಿ ಐದು ಪುಟ್ಟ ಗುಳಿಗಳು. ಒಂದೊಂದು ಕಾಲ್ಬೆರಳಿಗೆ ಒಂದೊಂದು.

ಹಲಗೆಯ ಸಂದಿನಿಂದ ನವೆಂಬರಿನ ಗಾಳಿ ಬಂದು ಕೋರಾಳ ಪಾದವನ್ನು ಕೊರೆಯಿತು. ಇಲ್ಲಿ ಒಲೆಯೂ ಇರಲಿಲ್ಲ. ಮನೆ ಕಾಯಲೆಂದು ಒಂದು ಬೂಟನ್ನು ಕಿತ್ತುಕೊಂಡ ಮೇಲೆ ಆ ಹುಡುಗಿ ಚಳಿಗಾಲವನ್ನು ಹೇಗೆ ಕಳೆದಳು?

"ನಿಂದು ಅಂತ ಗೊತ್ತಿರಲಿಲ್ಲ ಕಣೇ," ಎಂದು ಪಿಸುಗುಟ್ಟಿ, ಬೂಟನ್ನು ಮೆಲ್ಲನೆ ಒಳಗಿಟ್ಟಳು.

ಅರ್ಧ ಇಳಿದಿರಬೇಕು, ಹಿಂದೆ ಮತ್ತೆ ಟಕ್ ಎಂದಿತು.

ಕೋರಾಳ ಮೈ ಜುಮ್ಮೆಂದಿತು. ಆದರೆ ಓಡಲಿಲ್ಲ. ಗೋಡೆಗೆ ಬೆನ್ನೊತ್ತಿ ನಿಂತು, ಆ ಹುಡುಗಿ ಇಳಿಯಲೆಂದು ಮೆಟ್ಟಿಲಿನ ಅರ್ಧ ಅಗಲವನ್ನು ಖಾಲಿ ಬಿಟ್ಟಳು.

"ನೀನು ಮುಂದೆ ಹೋಗು," ಎಂದಳು.