ಆತು ಅಂದ್ರ ಏನರ್ಥ?

"ಈ ಹಸರು ಬಟನ್ ಇಟ್ಟಾಂವ ಯಾರು? ಅಂವ ಮೊದಲ ಎದ್ದು ಬರ್ಲಿ!"

ರಾಯಾಪುರದ ಆ ಸಣ್ಣ ಆಫೀಸಿನಲ್ಲಿ ಕೀಬೋರ್ಡುಗಳ ಸದ್ದು ಒಮ್ಮೆಲೇ ನಿಂತಿತು.

ಬಾಗಿಲಲ್ಲಿ ನಿಂತಿದ್ದವಳು ದಾಕ್ಷಾಯಿಣಿ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸ್ಟೀಲ್ ಡಬ್ಬಿ. ಮುಖ ಕೆಂಪಾಗಿದ್ದುದು ಬಿಸಿಲಿಗೋ ಸಿಟ್ಟಿಗೋ ಎಂದು ಅವಳನ್ನು ಬಲ್ಲವರು ಕೇಳುವುದೇ ಇಲ್ಲ. ಅವಳಿಗೆ ಮೂಗಿನ ತುದಿಯಲ್ಲೇ ಕೋಪ!

ಮೂಲೆಯ ಮೇಜಿನಿಂದ ಕನ್ನಡಕದ ಹುಡುಗನೊಬ್ಬ ಎದ್ದ. ಆಳು ಎತ್ತರ, ದನಿ ಮಾತ್ರ ತಗ್ಗು.

"ನಾನರಿ... ಬಸವಪ್ರಭು ಅಂತ. ಈ ಆ್ಯಪ್ ಮಾಡಿದಾಂವ ನಾನ. ಏನಾತ್ರಿ?"

"ಏನಾತು ಅಂತ ನನ್ನ ಕೇಳ್ತೀರಿ?" ಅವಳು ಡಬ್ಬಿಯನ್ನು ಅವನ ಮೇಜಿನ ಮೇಲೆ ಕುಕ್ಕಿ ಮುಚ್ಚಳ ತೆಗೆದಳು. ಹಳಸಿದ ಹೋಳಿಗೆಯ ಹುಳಿ ವಾಸನೆ ಆಫೀಸಿಗೆಲ್ಲ ಹರಡಿತು.

"ನಮ್ಮ ನಾಗರತ್ನಾ ಚಿಗವ್ವ ದೇಶಪಾಂಡೆ ನಗರದಾಗ ಅಡಗಿ ಮಾಡಿ ಕೊಡ್ತಾಳ. ತಾರಿಹಾಳದ ಒಂದು ಕುಬಸಕ್ಕ ನಿಮ್ಮ 'ಬುತ್ತಿ' ಆ್ಯಪಿನ್ಯಾಗ ಹೋಳಗಿ ಆರ್ಡರ್ ಬಂತು. ನಸಿಕಿನ್ಯಾಗ ಎದ್ದು ಮಾಡಿ ಇಟ್ಲು. ನಿಮ್ಮ ಗಾಡಿ ಬರಲೇ ಇಲ್ಲ! ಬಸರಿ ಹೆಣ್ಮಗಳ ಎಲಿ ಮ್ಯಾಲೆ ಹೋಳಗಿ ಇಲ್ಲ. ಅವರು ಫೋನ್ ಹಚ್ಚಿ ಅನಬಾರದ್ದೆಲ್ಲಾ ಅಂದ್ರು. ನಮ್ಮ ಚಿಗವ್ವ ನಿನ್ನೆಯಿಂದ ಅಳಕೋತ ಕುಂತಾಳ!"

ಬಸವಪ್ರಭು ಕಂಪ್ಯೂಟರಿನಲ್ಲಿ ಹುಡುಕಿದ. "ಇಲ್ನೋಡ್ರಿ... ಆರ್ಡರ್ ಬಂದ ಕೂಡ್ಲೇ ಅವರು 'ಆತು' ಬಟನ್ ಒತ್ಯಾರ. ಆತು ಅಂದ್ರ ಮುಟ್ಟಿಸಿದ್ದು ಆತು ಅಂತ. ಹಂಗಾಗಿ ಗಾಡಿ ಹೋಗಿಲ್ಲ. ತಪ್ಪು ಅವರದರಿ. ಓದಿ ಒತ್ತಬೇಕಲ್ರಿ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ದಾಕ್ಷಾಯಿಣಿಯ ನೆತ್ತಿಗೇರಿತು. ಆದರೆ ಅವಳು ಕೂಗಲಿಲ್ಲ. ಕುರ್ಚಿ ಎಳೆದು ಅವನ ಎದುರಿಗೇ ಕುಳಿತಳು.

"ನಿಮ್ಮ ಅವ್ವ 'ಹಾಲು ತಗೊಂಡು ಬಾರೋ' ಅಂತಾಳ. ನೀವೇನಂತೀರಿ?"

"ಆತವ್ವಾ... ಅಂತೇನಿ."

"ಹಾಲು ಮನಿಗೆ ಬಂತೇನು?"

ಬಸವಪ್ರಭು ಪರದೆಯ ಮೇಲಿನ ಹಸಿರು ಬಟನ್ ಕಡೆ ತಿರುಗಿದ.

ನಮ್ಮ ಕಡೆ 'ಆತು' ಎಂದರೆ ಕೆಲಸ ಮುಗಿಯಿತು ಎಂದೂ ಹೌದು, ಸರಿ ಇನ್ನು ಮಾಡುತ್ತೇನೆ ಎಂದೂ ಹೌದು, ಕೆಲವು ಸಲ 'ಕೇಳಿಸಿತು, ಇನ್ನು ಸುಮ್ಮನಾಗು' ಎಂದೂ ಹೌದು. ಹುಬ್ಬಳ್ಳಿಯ ನೀರು ಕುಡಿದು ಬೆಳೆದ ಈ ಮಹಾಶಯನಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು! 'ಪೂರ್ಣಗೊಂಡಿದೆ' ಎಂಬ ಗಡಸು ಮಾತು ಬೇಡ, ನಮ್ಮ ಮಾತೇ ಇರಲಿ ಎಂದು ಹೆಮ್ಮೆಯಿಂದ ಬರೆದಿದ್ದ.

"ತಪ್ಪು ನಂದರಿ," ಎಂದ ಕೊನೆಗೆ. ಅಲ್ಲೇ ಅವಳ ಚಿಗವ್ವನಿಗೆ ಫೋನ್ ಹಚ್ಚಿ ಕ್ಷಮೆಯನ್ನೂ ಕೇಳಿದ.

'ಇಷ್ಟು ಲಗೂ ಒಪ್ಪಿಕೊಂಡನಲ್ಲ!' ಬೈಯಲು ತಂದಿದ್ದ ಮಾತುಗಳೆಲ್ಲ ಅವಳ ಬಾಯಲ್ಲೇ ಉಳಿದವು. ಅದಕ್ಕೂ ಅವಳಿಗೆ ಸಿಟ್ಟು ಬಂತು.

"ನೀವೇನು ಮಾಡ್ತೀರಿ?" ಬಸವಪ್ರಭು ಕೇಳಿದ.

"ಧಾರವಾಡದಾಗ ಬ್ಯಾಂಕ್ ಪರೀಕ್ಷಾದ ಕೋಚಿಂಗ್. ಅಪ್ಪನ ಸಲುವಾಗಿ."

"ಈಗ ಮಾಡಿದ್ರಲ್ಲಾ, ಅದಕ್ಕ ಒಂದು ನೌಕರಿ ಐತ್ರಿ. ಯುಎಕ್ಸ್ ಡಿಸೈನರ್ ಅಂತಾರ..."

"ಗೊತ್ತೈತಿ! ಕದ್ದು ಕದ್ದು ಅದನ್ನ ಕಲಿಯಾಕತ್ತೇನಿ!"

ಬಳಸುವವರು ಎಲ್ಲಿ ಎಡವುತ್ತಾರೆಂದು ಮೊದಲೇ ಕಂಡು, ಅಲ್ಲಿ ದಾರಿ ನೇರ ಮಾಡುವ ಕೆಲಸ ಅದು. ಎಂಜಿನಿಯರಿಂಗ್ ಮುಗಿಸಿದ ಮೇಲೆ ಅವಳು ಮನಸ್ಸಿಟ್ಟು ಬಯಸಿದ್ದು ಅದೊಂದನ್ನೇ. ಮನೆಯಲ್ಲಿ ಹೇಳುವ ಧೈರ್ಯ ಬಂದಿರಲಿಲ್ಲ.

"ಹಂಗಾದ್ರ ನಾಳೆಯಿಂದ ಇಲ್ಲೆ ಬರ್ರಿ," ಎಂದ ಬಸವಪ್ರಭು. "ಮೊದಲ ಆ ಬಟನ್ ತಗೀರಿ."

* * *

ಬೆಳಿಗ್ಗೆ ಧಾರವಾಡದ ಕೋಚಿಂಗು, ಮಧ್ಯಾಹ್ನ ಚಿಗರಿ ಬಸ್ಸು ಹತ್ತಿ ರಾಯಾಪುರ. ಹೀಗೆ ಶುರುವಾಯಿತು.

ಹಸಿರು ಬಟನ್ ಹೋಗಿ ಎರಡು ಬಟನ್ ಬಂದವು: 'ಮಾಡ್ತೇನಿ', 'ಮುಟ್ಟಿಸೇನಿ'. ಅಷ್ಟಕ್ಕೇ ಅವಳು ಬಿಡಲಿಲ್ಲ. ಅಡುಗೆ ಮಾಡುವ ಹೆಂಗಸರ ಮನೆಗಳಿಗೆ ಹೋಗಿ ಒಲೆಯ ಬದಿಗೆ ಕುಳಿತು ನೋಡಿದಳು. ಹಿಟ್ಟಿನ ಕೈಯವರು ಫೋನನ್ನು ಬೆರಳಿನಿಂದಲ್ಲ, ಗೆಣ್ಣಿನಿಂದ ಒತ್ತುತ್ತಾರೆ! ಬಂದು ಬಸವಪ್ರಭುವಿನ ಮೇಲೆ ಹರಿಹಾಯ್ದಳು.

"ಇಷ್ಟು ಸಣ್ಣ ಬಟನ್ ಯಾರ ಸಲುವಾಗಿ ಮಾಡೀರಿ? ಇರಿವಿ ಸಲುವಾಗಿ ಏನು?"

ಅವನು ಮರುಮಾತಾಡದೆ ದೊಡ್ಡದು ಮಾಡಿದ. ಮರುದಿನ ಅವಳು ಇನ್ನೊಂದಕ್ಕೆ ಜಗಳ ತೆಗೆದಳು. ಒಂದು ದಿನ ಅವಳು ಜ್ವರ ಬಂದು ಮನೆಯಲ್ಲೇ ಉಳಿದಳು. ಮರಳಿ ಬಂದ ಸಂಜೆ ಬಸ್ಸಿನಲ್ಲಿ ಪಕ್ಕಕ್ಕೆ ನಿಂತಿದ್ದ ಬಸವಪ್ರಭು ಕಿಟಕಿಯ ಕಡೆ ನೋಡುತ್ತ ಹೇಳಿದ:

"ನೀವು ಬೈಲಿಲ್ಲಂದ್ರ... ನನಗ ದಿನಾ ಹೋಗಂಗಿಲ್ಲ ನೋಡ್ರಿ."

ದಾಕ್ಷಾಯಿಣಿಯ ಎದೆ ಧಸಕ್ಕೆಂದಿತು! ಇಳಿಯುವಾಗ ತಿರುಗಿ, "ಹಂಗಾದ್ರ ಮೊದಲ ಆ 'ರಿ' ಬಿಡು," ಎಂದಳು.

* * *

ಬ್ಯಾಂಕ್ ಪರೀಕ್ಷೆಯ ಫಲಿತಾಂಶ ಬಂತು. ದಾಕ್ಷಾಯಿಣಿ ಪಾಸಾಗಿದ್ದಳು! ಅದೇ ವಾರ ಆಫೀಸಿನವರು, "ನೀವು ಇಲ್ಲೇ ಕಾಯಂ ಆಗ್ರಿ," ಎಂದರು.

ಅವಳಪ್ಪ ಸಿದ್ದಪ್ಪ ಹತ್ತಿ ವ್ಯಾಪಾರಿ. ಓಣಿಗೆಲ್ಲ ಪೇಢೆ ಹಂಚಿ ಬಂದಿದ್ದ. ಮಗಳು ಇನ್ನೊಂದು ಕೆಲಸದ ಮಾತೆತ್ತಿದರೆ, "ಬಟನ್‌ಗೆ ಬಣ್ಣ ಹಚ್ಚೋದೂ ಒಂದು ಕೆಲಸೇನು?" ಎಂದು ಎದ್ದು ಹೋಗುತ್ತಿದ್ದ.

ಅವಳು ಬಸವಪ್ರಭುವಿಗೆ ಸ್ಪಷ್ಟವಾಗಿ ಹೇಳಿದಳು.

"ನಮ್ಮ ಲಗ್ನದ ಮಾತು ಎತ್ತಾಕ ಮನಿಗೆ ಬರ್ತಿ, ಛಲೋ ಆತು. ಆದ್ರ ನನ್ನ ಕೆಲಸದ ಮಾತು ಬಂದ್ರ ನನ್ನ ಕಡೆ ನಿಂದರು. ನನಗ ಬ್ಯಾರೆ ಏನೂ ಬ್ಯಾಡ."

"ನಿಂದರ್ತೇನಿ," ಎಂದಿದ್ದ ಅವನು.

ರವಿವಾರ ಬಂದ. ಸಿದ್ದಪ್ಪನಿಗೆ ಹುಡುಗ ಹಿಡಿಸಿದ. ಅವಲಕ್ಕಿ ಆಯಿತು, ಚಹಾ ಆಯಿತು. ದಾಕ್ಷಾಯಿಣಿ ಅಡುಗೆಮನೆಯ ಬಾಗಿಲ ಹಿಂದೆ ಉಸಿರು ಹಿಡಿದು ನಿಂತಿದ್ದಳು.

"ಲಗ್ನಕ್ಕ ನಂದೇನೂ ಅಡ್ಡಿ ಇಲ್ಲಪಾ," ಎಂದ ಸಿದ್ದಪ್ಪ. "ಒಂದ ಮಾತು. ಅಕಿ ಬ್ಯಾಂಕಿಗೇ ಸೇರಬೇಕು. ಈ ಡಿಸೈನು ಗಿಸೈನು ಎಲ್ಲಾ ಬಿಡಬೇಕು. ಏನಂತಿ?"

ಬಸವಪ್ರಭು ಚಹಾದ ಕಪ್ಪು ಕೆಳಗಿಟ್ಟ.

"ಆತ್ರಿ," ಎಂದ ಬಸವಪ್ರಭು.

ಸಿದ್ದಪ್ಪ ಜೋರಾಗಿ ನಕ್ಕ. "ಲಗ್ನ ಗಟ್ಟಿ, ಸಕ್ಕರಿ ತರ್ರಿ!" ಎಂದು ಕೂಗಿದ. ಬಾಗಿಲ ಹಿಂದೆ ನಿಂತವಳ ಕಣ್ಣು ತುಂಬಿದವು. ಅಳುವಲ್ಲ ಅದು. ಮೈಯೆಲ್ಲ ಉರಿಯುವ ಸಿಟ್ಟು!

* * *

ಮರುದಿನ ಆಫೀಸಿನ ಮಾಳಿಗೆಯ ಮೇಲೆ ಅವನನ್ನು ನಿಲ್ಲಿಸಿ ಕೇಳಿದಳು.

"ನನ್ನ ಜೀವನ ಮಾರಿ ಸಕ್ಕರಿ ತಿಂದು ಬಂದ್ಯೇನು?"

"ದಾಕ್ಷಿ, ನಾ ಒಪ್ಪಿಲ್ಲ! 'ಆತ್ರಿ' ಅಂದ್ರ... ನೀವು ಹೇಳಿದ್ದು ಕೇಳೇನಿ ಅಂತ ಅಷ್ಟ. ಹಿರ್ಯಾರು, ಒಮ್ಮಿಗೇ ಎದುರು ಮಾತಾಡಬಾರ್ದಂತ... ಆಮ್ಯಾಲೆ ತಿಳಿಸಿ ಹೇಳಬೇಕಂತ ಇದ್ದೆ."

ದಾಕ್ಷಾಯಿಣಿ ನಕ್ಕಳು. ಕೇಳಿದವರಿಗೆ ಭಯವಾಗುವಂಥ ನಗು.

"ನಿನ್ನ ಮನಸ್ಸಿನ್ಯಾಗ ಏನಿತ್ತು ಅಂತ ಅಪ್ಪಗ ಹೆಂಗ ಗೊತ್ತಾಗಬೇಕು? ಅಂವ ಬ್ಯಾಂಕಿಗೆ ನನ್ನ ಸೇರಿಸಿ ಮುಗಿಸ್ಯಾನ! ಅವತ್ತು ನಮ್ಮ ಚಿಗವ್ವಗ ಏನಂದಿ? ಓದಿ ಒತ್ತಬೇಕು ಅಂದಿ. ನೀ ಓದಿ ಒತ್ತಿದ್ಯೇನು?"

ಅವನ ಮುಖ ಬಿಳಿಚಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಾದೆ ಎಲ್ಲರಿಗೂ ಗೊತ್ತು, ಹೊತ್ತಿಗೆ ಮಾತ್ರ ಯಾರಿಗೂ ನೆನಪಾಗುವುದಿಲ್ಲ.

"ನನಗ ಹಿರ್ಯಾರ ಮುಂದ 'ಇಲ್ಲ' ಅನ್ನಾಕ ನಾಲಿಗಿ ಹೊರಳಂಗಿಲ್ಲ ದಾಕ್ಷಿ... ಸಣ್ಣಾಂವ ಇದ್ದಾಗಿಂದ ಹಂಗ. ಅಪ್ಪ ಹೊರಗ ಎಲ್ಲಾರ ಮುಂದ ಬೈತಾನಂತ ಅಂಜಿ ಅಂಜಿ..."

ಅವಳ ಮನಸ್ಸು ಒಂದು ಗಳಿಗೆ ಕರಗಿತು. ಅಪ್ಪನಿಗೆ ಅಂಜುವುದು ಅವಳಿಗೂ ಹೊಸದಲ್ಲ. ಆದರೆ ತನ್ನ ಅಂಜಿಕೆ ಸಾಲದೆಂದು ಇವನ ಅಂಜಿಕೆಯನ್ನೂ ಜೀವನವಿಡೀ ಹೊರಬೇಕೇ?

"ನಿನಗ ಹೇಳಿದ್ದ ನನ್ನ ತಪ್ಪು. ಕೆಲಸ ನಂದು, ಮಾತೂ ನಂದ ಆಗಬೇಕಿತ್ತು," ಎಂದಳು. "ನಾನ ಹೋಗಿ ಹೇಳ್ತೇನಿ. ನೀ ಇನ್ನ ನಮ್ಮ ಮನಿ ಕಡೆ ಬರಬ್ಯಾಡ."

ಮೆಟ್ಟಿಲಿಳಿದು ಹೋದಳು. ಬಸ್ಸಿನಲ್ಲಿ ಕುಳಿತಾಗ ಮಾತ್ರ ತಡೆಯಲಾಗಲಿಲ್ಲ, ದುಪಟ್ಟಾದ ತುದಿ ಬಾಯಿಗೆ ಒತ್ತಿಕೊಂಡು ಅತ್ತಳು.

* * *

"ಅಪ್ಪಾ, ನಾ ಬ್ಯಾಂಕಿಗೆ ಸೇರಂಗಿಲ್ಲ."

ಸಿದ್ದಪ್ಪ ಓದುತ್ತಿದ್ದ ಪೇಪರು ಕೆಳಗಿಟ್ಟ. ಅಂದು ಸಂಜೆ ಮನೆಗೆ ಬಂದಿದ್ದ ನಾಗರತ್ನಾ ಚಿಗವ್ವ ಅಡುಗೆಮನೆಯಿಂದ ಇಣುಕಿದಳು.

"ಏನಂದಿ?"

"ಪಾಸಾಗಿ ತೋರಿಸೇನಿ. ಆದ್ರ ನನ್ನ ಕೆಲಸ ಅದಲ್ಲ. ಒಬ್ಬಾಕಿ ಎಲ್ಲೆ ತಪ್ಪತಾಳ, ಯಾಕ ತಪ್ಪತಾಳ ಅಂತ ಕುಂತು ನೋಡೋದು ನನಗ ತಿಳಿತೈತಿ. ಚಿಗವ್ವ ಈಗ ಅಂಜದ ಆರ್ಡರ್ ತಗೋತಾಳ, ಕೇಳ್ರಿ ಬೇಕಾದ್ರ! ನಾ ಅದನ್ನ ಮಾಡಾಕಿ."

"ನಿನ್ನ ಗಂಡ ಆಗಾಂವನ ಒಪ್ಯಾನ! ನಿಂದೇನು?"

"ಅವನ್ನ ಯಾಕ ಕೇಳ್ತೀರಿ? ಕೆಲಸ ಮಾಡಾಕಿ ನಾನು!"

ಇಷ್ಟು ದನಿ ಎತ್ತಿ ಅವಳು ಅಪ್ಪನೆದುರು ಎಂದೂ ಮಾತಾಡಿರಲಿಲ್ಲ. ಸಿದ್ದಪ್ಪ ಎದ್ದು ನಿಂತ. ಅಷ್ಟರಲ್ಲಿ ಹೊರಗೆ ಬೈಕು ನಿಂತ ಸದ್ದಾಯಿತು.

ಬಾಗಿಲಲ್ಲಿ ಬಸವಪ್ರಭು! ಬೆವರಿಗೆ ಅಂಗಿ ಮೈಗಂಟಿತ್ತು.

"ಬರಬ್ಯಾಡ ಅಂದಿದ್ದೆ!" ದಾಕ್ಷಾಯಿಣಿ ಕಿರುಚಿದಳು.

ಅವನು ಅವಳ ಕಡೆ ನೋಡಲಿಲ್ಲ. ಸಿದ್ದಪ್ಪನೆದುರು ಬಂದು ಕೈಮುಗಿದ.

"ಇಲ್ಲರಿ," ಎಂದ.

"ಏನು ಇಲ್ಲ?"

"ನಿನ್ನೆ ನೀವು ಹೇಳಿದ್ದಕ್ಕ... ನಾ ಒಪ್ಪಂಗಿಲ್ರಿ. ಅಂಜಿ ಆತ್ರಿ ಅಂದೆ, ತಪ್ಪಾತ್ರಿ. ಅಕಿ ಬ್ಯಾಂಕಿಗೆ ಸೇರಬಾರ್ದರಿ. ಅಕಿ ಕೆಲಸ ಅಕಿ ಮಾಡ್ಬೇಕ್ರಿ."

ಸಿದ್ದಪ್ಪನ ಮೀಸೆ ಅದುರಿತು. "ಹಂಗಾದ್ರ ಈ ಲಗ್ನ ಆಗಂಗಿಲ್ಲ. ತಿಳೀತಿಲ್ಲೋ?"

ದಾಕ್ಷಾಯಿಣಿ ಅವನ ಮುಖವನ್ನೇ ನೋಡಿದಳು. 'ಈಗ ಹಿಂದ ಸರಿತಾನ... ಈಗ ಸರಿತಾನ...'

ಬಸವಪ್ರಭುವಿನ ಕಣ್ಣಲ್ಲಿ ನೀರಿತ್ತು. ದನಿ ಮಾತ್ರ ತಗ್ಗಿರಲಿಲ್ಲ.

"ಅಕಿ ಅಂದ್ರ ನನಗ ಜೀವರಿ. ಆದ್ರ ಲಗ್ನ ಆಗ್ಲಿಲ್ಲಂದ್ರೂ ನಡೀತೈತ್ರಿ... ಅಕಿ ಕೆಲಸ ಬಿಡಿಸಬ್ಯಾಡ್ರಿ."

ಸಿದ್ದಪ್ಪ ಅವನನ್ನು ನೋಡಿದ, ಮಗಳನ್ನು ನೋಡಿದ. ಅವಳೂ ಕಣ್ಣು ಕೆಳಗೆ ಮಾಡಲಿಲ್ಲ.

"ಇಬ್ಬರೂ ಕೂಡಿ ನನ್ನ ತಲಿ ತಿಂತೀರಿ," ಎಂದು ಗೊಣಗಿ, ಚಪ್ಪಲಿ ಮೆಟ್ಟಿ ಹೊರಬಾಗಿಲಿಗೆ ನಡೆದ. ಹೊಸ್ತಿಲ ಮೇಲೆ ನಿಂತು, ಹಿಂದಿರುಗಿ ನೋಡದೆಯೇ ಹೇಳಿದ:

"ನಾಗರತ್ನಾ... ಹುಡುಗಗ ಉಣಿಸಿ ಕಳಸು. ಹಸದು ಬಂದಂಗ ಕಾಣ್ತಾನ."

ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಕಡೆ ಓಡಿದಳು. ಒಲ್ಲದ ಅಳಿಯನಿಗೆ ನಮ್ಮ ಕಡೆಯ ಮಾವ ಹೀಗೆ ಊಟ ಹಾಕಿಸುವುದಿಲ್ಲ!

ದಾಕ್ಷಾಯಿಣಿಯೇ ತಾಟು ತಂದಳು. ಬಿಸಿ ರೊಟ್ಟಿ, ಎಣ್ಣೆಗಾಯಿ. ಅವನ ಮುಂದೆ ಸದ್ದಾಗುವಂತೆ ಇಟ್ಟಳು.

"ಇನ್ನೂ ಸಿಟ್ಟು ಐತೇನು?" ಮೆಲ್ಲಗೆ ಕೇಳಿದ.

"ಐತಿ."

"ಯಾವಾಗ ಇಳಿತೈತಿ?"

"ನನಗೇನು ಗೊತ್ತು! ಮುದುಕಿ ಆಗೋ ತನಕಾ ಇರಬಹುದು."

"ಹಂಗಾದ್ರ ಅಲ್ಲಿ ತನಕಾ ಬೈಸ್ಕೋತ ನಿನ್ನ ಬಾಜೂಕ ಇರ್ತೇನಿ. ನಡೀತೈತಿ?"

ಅವಳು ಅವನ ಎದುರಿಗೆ ನೆಲದ ಮೇಲೆ ಕುಳಿತಳು. ರೊಟ್ಟಿ ಮುರಿದು, ಪಲ್ಯ ಹಚ್ಚಿ, ಮೊದಲ ತುತ್ತನ್ನು ಅವನ ಬಾಯಿಯವರೆಗೆ ಒಯ್ದಳು.

"ಜೀವ ಅಂತ ಅಪ್ಪನ ಮುಂದ ಹೇಳ್ದಿ," ಎಂದಳು. "ನನ್ನ ಮುಂದ ಒಮ್ಮೆರೆ ಹೇಳಿಯೇನು?"

"ನೀ ನನ್ನ ಜೀವ, ದಾಕ್ಷಿ."

"...ಉಣ್ಣು. ರೊಟ್ಟಿ ಆರಾಕತ್ತೈತಿ."