ವಿಮಾನದ ಎಣ್ಣೆ ಕದ್ದವರಾರು?

ಎಂಜಿನ್ನಿನಲ್ಲಿ ಇರಬೇಕಾದ ಎಣ್ಣೆಯಲ್ಲಿ ಅರ್ಧ ಇಲ್ಲ! ಆದರೆ ವಿಮಾನದ ಹೊಟ್ಟೆಯಡಿ ಒಂದು ಹನಿ ಕಲೆಯೂ ಇಲ್ಲ.

ರಾಗಿಣಿ ಅಳತೆಕಡ್ಡಿ ಒರೆಸಿ ಮತ್ತೊಮ್ಮೆ ಅದ್ದಿ ನೋಡಿದಳು. ಅಷ್ಟೇ. ಕೆಂಗೇರಿಯಾಚೆಯ ಈ ಹಾರಾಟ ಶಾಲೆಯ ಪುಟ್ಟ ವಿಮಾನವನ್ನು ಕೊಳ್ಳಲಿದ್ದವರು ಅವಳನ್ನು ತಪಾಸಣೆಗೆ ಕಳಿಸಿದ್ದರು.

"ಕದ್ದು ಮಾರ್ಕೊಂಡಿದಾನೆ ಮೇಡಂ!" ಮಾಲೀಕ ಮುರಳೀಕೃಷ್ಣ ಮೆಕ್ಯಾನಿಕ್ ಚನ್ನವೀರೇಶನತ್ತ ಬೆರಳು ತೋರಿಸಿದ. ಮಾಲೀಕ ಕೈಯೆತ್ತಿದರೆ ಮಲ್ಲಿಗೆ ಪೌಡರಿನ ಘಾಟು ಮೂಗಿಗೆ ಬಡಿಯುತ್ತಿತ್ತು. "ಇವತ್ತೇ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ."

ಚನ್ನವೀರೇಶನ ಮುಖ ಕಪ್ಪಿಟ್ಟಿತು. "ಕಳ್ಳ ಅನ್ನಿಸ್ಕೊಂಡ್ರೆ ಇನ್ಯಾರು ಕೆಲಸ ಕೊಡ್ತಾರೆ ಮೇಡಂ? ಎಣ್ಣೆ ಸೋರ್ತಿರಬೇಕು ಅಂತ ನಾನೇ ಹೇಳಿದ್ದೆ."

"ಸೋರಿದ್ರೆ ಕಲೆ ಎಲ್ಲಯ್ಯಾ?" ಮಾಲೀಕ ಗದರಿದ.

ರಾಗಿಣಿ ವಿಮಾನದ ಕೆಳಗೆ ತೂರಿದಳು. ಎಂಜಿನ್ ಕವಚದ ಅಡಿಯಲ್ಲಿ ಮೂರು ಬಿಳಿ ಪಟ್ಟೆ.

"ಈ ವಿಭೂತಿ ಯಾರು ಹಚ್ಚಿದ್ದು?"

"ನಾನೇ," ಎಂದ ಚನ್ನವೀರೇಶ. "ಪ್ರತಿ ಸೋಮವಾರ ಪೂಜೆ ಮಾಡಿ ಹಚ್ತೀನಿ."

"ಇವತ್ತು ಶುಕ್ರವಾರ. ಆಮೇಲೆ ಹಾರಿದೆಯಾ?"

"ದಿನಾ," ಎಂದ ಹಾರಾಟ ಕಲಿಸುವ ಗಿರಿರಾಜ್. "ನಿನ್ನೆ ಸಂಜೆನೂ ಹಾರಿಸಿದೀನಿ. ಇವತ್ತು ಬೆಳಗ್ಗೆ ನಾನೂ ಚನ್ನವೀರೇಶನೂ ಒಟ್ಟಿಗೇ ಬಂದ್ವಿ. ಸಾರ್ ಆಗ್ಲೇ ಇಲ್ಲಿದ್ರು."

ರಾಗಿಣಿ ಪಟ್ಟೆಯನ್ನು ಬೆರಳಿಂದ ಸವರಿ ಮೂಸಿದಳು. ಥೂ! ಇಂಥವರೂ ಇರುತ್ತಾರೆಯೇ?

"ನಿಮ್ಮ ಪೌಡರ್ ಡಬ್ಬಿ ಕೊಡಿ ಸಾರ್."

"ಯಾ... ಯಾಕೆ?"

"ಕೊಡಿ!"

ಎಂಜಿನ್ನನ್ನು ಚೊಕ್ಕಟವಾಗಿ ಒರೆಸಿ, ಮೇಲೆಲ್ಲ ಪೌಡರ್ ಉದುರಿಸಿ, ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದರು. ಎಲ್ಲೆಡೆ ಬಿಳುಪು — ಕೆಳಗೆ ಎಣ್ಣೆ ತಡೆಯುವ ಒಂದು ಸೀಲಿನ ಪಕ್ಕದಲ್ಲಿ ಮಾತ್ರ ಒದ್ದೆಯಾದ ಕಪ್ಪು ಗೆರೆ.

"ಸೋರ್ತಿರೋದು ಇಲ್ಲಿ," ಎಂದಳು ರಾಗಿಣಿ. "ಈ ಎಣ್ಣೆ ವಿಭೂತಿ ಮೇಲೇ ಹರೀಬೇಕು. ನಾಲ್ಕು ದಿನ ಹಾರಿದ ಮೇಲೂ ಅದು ಒಣಗಿ ಬೆಳ್ಳಗಿರೋದು ಹೇಗೆ? ವಿಭೂತಿಗೆ ಮಲ್ಲಿಗೆ ವಾಸನೆ ಎಲ್ಲಿಂದ ಬಂತು? ಬೆಳಗ್ಗೆ ಎಣ್ಣೆ ಕಲೆ ಒರೆಸುವಾಗ ವಿಭೂತಿನೂ ಅಳಿಸಿಹೋಯ್ತು. ಚನ್ನವೀರೇಶ್‌ಗೆ ಗೊತ್ತಾಗುತ್ತೆ ಅಂತ ಪೌಡರಲ್ಲಿ ಪಟ್ಟೆ ಎಳೆದವರು ನೀವೇ, ಮುರಳೀಕೃಷ್ಣ ಅವ್ರೇ! ಒಂದು ಸೀಲು ಬದಲಾಯಿಸಿದ್ರೆ ಮುಗೀತಿತ್ತು. ಮಾರಾಟ ಕೆಡುತ್ತೆ ಅಂತ ಮುಚ್ಚಿಟ್ರಿ. ಎಣ್ಣೆ ಕಡಿಮೆ ಅಂತ ಸಿಕ್ಕಿಬಿದ್ದಾಗ, ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ ಇವರನ್ನ ಕಳ್ಳ ಮಾಡಿದ್ರಿ. ಅಸಹ್ಯ!"

ಮುರಳೀಕೃಷ್ಣ ಹಲ್ಲು ಕಿರಿದ. "ಏನೋ ತಪ್ಪಾಯ್ತು ಕಣಯ್ಯಾ, ಮನಸ್ಸಲ್ಲಿ ಇಟ್ಕೋಬೇಡ," ಎಂದು ಕೈ ಚಾಚಿದ.

ಚನ್ನವೀರೇಶ ಎಣ್ಣೆ ಮೆತ್ತಿದ ತನ್ನ ಅಂಗೈಯನ್ನು ಹಿಂದಕ್ಕೆಳೆದುಕೊಂಡ.

"ಬೇಡ ಸಾರ್. ನನ್ನ ಕೈ ಗಲೀಜಾಗುತ್ತೆ."