ಹಿತ್ತಲಿನ ಸುಣ್ಣದ ಗೆರೆ

"ನನ್ನ ತರಕಾರಿ ಮಡಿ ಮೇಲೆ ಪಾಯಕ್ಕೆ ಗೆರೆ ಹಾಕೀರಾ?"

ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟಳು ಸಂಗೀತ. ತವರಾದ ಕುಬಟೂರಿನಿಂದ ಅವಳು ಬಂದದ್ದು ಉಳಿದ ಬಟ್ಟೆಬರೆ ಒಯ್ಯಲು, ಅಷ್ಟೇ. ಗಂಡನ ಮುಖ ನೋಡಬಾರದು, ಮಾತಾಡಲೇಬಾರದು ಎಂದು ಗಂಡನೂರಾದ ತಾಳಗುಂದದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಹಿತ್ತಲ ತುಂಬ ಸುಣ್ಣದ ಗೆರೆ ಕಂಡದ್ದೇ ತಡ, ಆ ಗಟ್ಟಿತನ ಎಲ್ಲಿ ಹೋಯಿತೋ...

ಸುಣ್ಣದ ಡಬ್ಬಿ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ ಯತೀಶ ಗಡಬಡಿಸಿ ಎದ್ದ. ಇಷ್ಟು ದಿನದ ಮೇಲೆ ಹೆಂಡತಿ ಕಣ್ಣೆದುರಿಗಿದ್ದಾಳೆ, ಪುಣ್ಯಾತ್ಮ ಸುಣ್ಣದ ಕೈ ಒರೆಸಿಕೊಳ್ಳುತ್ತ ನಿಂತ!

'ನಾನಿನ್ನು ಬರಲ್ಲ ಅಂತ ಖಾತ್ರಿ ಆಗಿದೆ ಇವರಿಗೆ. ಆಗಲೇ ಗೋಡೆ ಎಬ್ಬಿಸೋಕೆ ಹೊರಟಿದಾರೆ.' ಎಂದುಕೊಂಡಳು ಸಂಗೀತ.

ಗೌರಿಹಬ್ಬ ಕಳೆದ ಮೇಲೆ ಇದೇ ಜಾಗದಲ್ಲಿ ಬದನೆ, ಮೆಣಸಿನ ಸಸಿ ನೆಟ್ಟಿದ್ದಳು. ಕುರಿಗೊಬ್ಬರ ಕೊಟ್ಟಳು, ತಪ್ಪದೆ ನೀರು ಹನಿಸಿದಳು. ಸಸಿಗಳು ಮಾತ್ರ ಕಡ್ಡಿಯಂತೆ ಉದ್ದವಾಗಿ ಸೊರಗಿದವು. ದೀಪಾವಳಿಯಾದರೂ ಒಂದು ಕಾಯಿ ಬಿಡಲಿಲ್ಲ. "ಈಕಿ ಕೈಗುಣನೇ ಸರಿ ಇಲ್ಲ" ಎಂದಿದ್ದರು ಅತ್ತೆ ವರದಮ್ಮ, ಹಬ್ಬಕ್ಕೆ ಬಂದ ನೆಂಟರೆದುರಿಗೇ. ಸಂಗೀತ ಗಂಡನ ಕಡೆ ನೋಡಿದ್ದಳು. ಅವನು ತಲೆ ತಗ್ಗಿಸಿ ಸುಮ್ಮನಿದ್ದ. ಅತ್ತೆಯ ಮಾತನ್ನು ನುಂಗಿಕೊಳ್ಳಬಹುದಿತ್ತು, ಆ ಮೌನವನ್ನು ನುಂಗಲಾಗಲಿಲ್ಲ. ಮರುದಿನವೇ ತವರಿಗೆ ಹೊರಟಿದ್ದಳು.

"ಪಾಯದ್ದಲ್ಲ ಸಂಗೀತ," ಎಂದ ಯತೀಶ ಕಡೆಗೂ. "ನೆರಳಿಂದು."

"ಅಂದ್ರೆ?"

"ನೀ ಹೋದ್ಮೇಲೆ ಇದೇ ಮಡೀಲಿ ನಾನೂ ಬದನೆ ಸಸಿ ಇಟ್ಟೆ. ಅವೂ ಹಂಗೇ ಸೊರಗಿದ್ವು. ಆಮೇಲೆ ಕಣ್ಣು ಬಿಟ್ಟು ನೋಡ್ದೆ. ದಕ್ಷಿಣಕ್ಕೆ ನಾ ಕಟ್ಟಿದ ಕುರಿ ಶೆಡ್ ಐತಲ್ಲ, ಗೌರಿಹಬ್ಬ ಕಳೆದು ಸೂರ್ಯ ಆ ಕಡೆ ವಾಲಿದ್ಮೇಲೆ ಅದರ ನೆರಳು ಇಲ್ಲಿಂದ ಏಳೋದೇ ಇಲ್ಲ." ಬೆರಳು ಮಾಡಿ ತೋರಿಸಿದ. "ಇದು ಬೆಳಗಿನ ನೆರಳು ಬೀಳೋ ಗೆರೆ, ಇದು ಮಧ್ಯಾಹ್ನದ್ದು, ಅದು ಸಂಜೇದು. ಗೆರೆ ಆಚೆ ಬದನೆ, ಮೆಣಸು ಹಾಕಾಣ. ಈ ನೆರಳಿಗೆ ಪುದೀನ ಸಾಕು."

ಅವಳಿಗೆ ಅಳು ಬಂತು. ಅಳುವಿನ ಜೊತೆಗೇ ಸಿಟ್ಟೂ ಬಂತು.

"ನಿಮ್ಮ ಸಸಿ ಚೆನ್ನಾಗಿ ಬಂದಿದ್ರೆ? ನನ್ನ ಕೈಗುಣಾನೇ ಕೆಟ್ಟದ್ದು ಅಂತ ನಂಬ್ತಿದ್ರಿ, ಅಲ್ವಾ?"

ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು ಯತೀಶ. ಹೇಳಲಿಲ್ಲ.

"ಆವತ್ತೇ ಅರ್ಧ ನಂಬಿದ್ದೆ. ಅದಕ್ಕೇ ಬಾಯಿ ಬರ್ಲಿಲ್ಲ... ಆಮೇಲೆ ನಿನ್ನ ಕರೆಯೋಕೆ ಬರೋ ಮುಖನೂ ಇರ್ಲಿಲ್ಲ."

ಎದೆಗೆ ಚುಚ್ಚಿತು ಆ ಮಾತು. ಆದರೂ ಅವನು ಎದುರಿಗೆ ನಿಂತು ನಿಜ ಹೇಳಿದ್ದು ಇದೇ ಮೊದಲು.

ಅಷ್ಟರಲ್ಲಿ ವರದಮ್ಮ ಬಾಗಿಲಿಗೆ ಬಂದು ನಿಂತರು. ಈ ಸಲ ಯತೀಶ ತಲೆ ತಗ್ಗಿಸಲಿಲ್ಲ.

"ಅವ್ವಾ, ತಪ್ಪು ನನ್ನ ಶೆಡ್ಡಿಂದು, ಇವಳ ಕೈದಲ್ಲ. ಅವತ್ತು ಯಾರ ಮುಂದೆ ಅಂದ್ಯೋ ಅವರ ಮುಂದೇನೇ ಇದನ್ನೂ ಹೇಳ್ಬೇಕು ನೀನು."

ವರದಮ್ಮ ಒಳಗೆ ಹೋಗಿ ಒಂದು ಕೊಡ ನೀರು ತಂದು ಸೊಸೆಯ ಪಕ್ಕಕ್ಕಿಟ್ಟು ಹೋದರು.

ಯತೀಶ ಪಕ್ಕದ ಬುಟ್ಟಿಯಿಂದ ಒಂದು ಹೊಸ ಬದನೆ ಸಸಿ ತೆಗೆದು ಚಾಚಿದ. "ಮೊದಲ್ನೇದು ನೀನೇ ಇಡು."

"ಒಣಗಿದ್ರೆ?"

"ಒಣಗಿದ್ರೆ ಅದರ ಮುಂದಿಂದೂ ನೀನೇ ಇಡು. ನಂಗೆ ಬೇಕಾಗಿರೋದು ನೀನು, ಬದನೆಕಾಯಲ್ಲ."

ಕಣ್ಣೊರೆಸಿಕೊಂಡು ಸಂಗೀತ ಗೆರೆಯಾಚೆ ಕೂತಳು, ಮಣ್ಣು ತೋಡಿ ಸಸಿ ಇಟ್ಟಳು.

"ರೀ... ಸ್ವಲ್ಪ ಸರೀರಿ. ಸಸಿ ಮೇಲೆ ನಿಮ್ಮ ನೆರಳು ಬೀಳ್ತಾ ಐತೆ."

ಅವನು ಸುತ್ತಿ ಬಂದು ಅವಳ ಪಕ್ಕದಲ್ಲೇ ಕುಳಿತ.

"ಈಗ?"

"ಈಗ ಸರಿಯಾಯ್ತು."